ಡ್ರಿಲ್ ಮೇಷ್ಟ್ರು ಪಂಚಾಕ್ಷರಪ್ಪನವರ ನಾಡಿ

ಚಿತ್ರದುರ್ಗದ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ ಪಂಚಾಕ್ಷರಪ್ಪನವರು 1926ರ ಬೇಸಿಗೆಯಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ಸಂಜೆ ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಹೊಳಲ್ಕೆರೆಯಿಂದಲೂ ಹೊಸದುರ್ಗದಿಂದಲೂ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಒಬ್ಬ ಅಮಲ್ದಾರರ ಕಚೇರಿಯ ಗುಮಾಸ್ತ, ಇಬ್ಬರು ಹತ್ತಿ ಮಂಡಿಯವರು, ಒಬ್ಬ ಪೊಲೀಸು ಜಮೇದಾರ. ಮಾತನಾಡಲು ಎದ್ದವರೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಂತರು. ಊರಿನ ಗಡಿಯಾರ ತಪ್ಪಿರಬಹುದು, ನಮ್ಮ ಮೇಷ್ಟ್ರ ನಾಡಿ ಒಂದು ದಿನವೂ ತಪ್ಪಲಿಲ್ಲ ಅಂದರು.

ಹಾರ ಹಾಕಿಸಿಕೊಂಡ ಮೇಲೆ ಪಂಚಾಕ್ಷರಪ್ಪನವರು ಎದ್ದು ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಒಂದ್ಸಲ ತಪ್ಪಿತ್ತು," ಎಂದರು.

ಇನ್ನೇನೋ ಹೇಳುತ್ತಾರೆಂದು ಜನ ಕಾದರು. ಅವರು ಕುಳಿತುಬಿಟ್ಟರು. ದೊಡ್ಡವರ ವಿನಯ ಅಂದುಕೊಂಡು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಬಾಗಿಲ ಹಿಂದೆ ಹೆಂಗಸರ ನಡುವೆ ನಿಂತಿದ್ದ ಅವರ ಹೆಂಡತಿ ಕೊಟ್ರಮ್ಮ ಮಾತ್ರ ತಟ್ಟಲಿಲ್ಲ.

ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮನೆತನ ಅವರದು. ಅಣ್ಣಂದಿರು ತಕ್ಕಡಿ ಹಿಡಿದರು, ಇವರು ಗರಡಿ ಹಿಡಿದರು. ಕೋಟೆಯ ಬುಡದಲ್ಲಿದ್ದ ಆ ಗರಡಿಯಲ್ಲಿ ವಸ್ತಾದರು ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ಕುಸ್ತಿಯ ಪಟ್ಟನ್ನಲ್ಲ, ನಾಡಿ ಹಿಡಿಯುವುದನ್ನು. ಸಾಮು ಮುಗಿದ ಮೇಲೆ ಗೋಡೆಗೆ ಒರಗಿ, ಎಡಗೈ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕೂರಬೇಕು. ಎದೆಯ ಬಡಿತ ಸಮಕ್ಕೆ ಬರುವ ತನಕ ನೀರು ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ. ಉಳಿದ ಹುಡುಗರು ಬೆರಳಿಟ್ಟ ಹಾಗೆ ಮಾಡಿ ಹೊಂಡದ ಕಡೆ ಓಡುತ್ತಿದ್ದರು. ಪಂಚಾಕ್ಷರಪ್ಪ ಹನ್ನೆರಡು ವರ್ಷ ಹಾಗೆಯೇ ಕುಳಿತರು. ಇಪ್ಪತ್ತೈದು ತುಂಬುವ ಹೊತ್ತಿಗೆ ಅವರ ನಾಡಿ ನಿಮಿಷಕ್ಕೆ ಸರಿಯಾಗಿ ಅರವತ್ತು ಬಡಿಯುತ್ತಿತ್ತು. ನಡೆದು ಬಂದರೂ ಅಷ್ಟೇ, ಯಾರಾದರೂ ಬೈದರೂ ಅಷ್ಟೇ.

ಬೆಂಗಳೂರಿನಲ್ಲಿ ಆರು ತಿಂಗಳು ಡ್ರಿಲ್ ತರಬೇತಿ ಪಡೆದು 1899ರಲ್ಲಿ ಅವರು ಶಾಲೆಗೆ ಬಂದರು. ಆಗ ಡ್ರಿಲ್ಲೆಂದರೆ ತಂದೆತಾಯಿಗಳಿಗೆ ಆಗುತ್ತಿರಲಿಲ್ಲ. "ಮಗನ್ನ ಸಾಲಿಗೆ ಕಳ್ಸಿದ್ದು ಅಕ್ಷರ ಕಲೀಲಿ ಅಂತ ಕಣ್ರಿ, ಸಿಪಾಯಿ ಆಗ್ಲಿ ಅಂತಲ್ಲ," ಎಂದು ಜಗಳಕ್ಕೆ ಬಂದವರುಂಟು. ಪಂಚಾಕ್ಷರಪ್ಪನವರು ಜಗಳವಾಡಲಿಲ್ಲ. ಹುಡುಗರಿಗೆ ಕಚ್ಚೆ ಬಿಗಿದು ಕಟ್ಟಲು ಕಲಿಸಿದರು, ಅಂಗಳದಲ್ಲಿ ಮಲ್ಲಕಂಬ ನೆಟ್ಟರು, ಮೈದಾನದ ಸುತ್ತ ಸುಣ್ಣದ ಗೆರೆ ಎಳೆದು ಕಾಲು ಮೈಲಿಯ ಓಟದ ದಾರಿ ಮಾಡಿದರು. ಇಲಾಖೆ ಕೊಟ್ಟಿದ್ದ ಒಂದೇ ಒಂದು ಸ್ಟಾಪ್ ವಾಚು 1907ರಲ್ಲಿ ಕೋಟೆಯ ಹೊಂಡಕ್ಕೆ ಬಿತ್ತು. ಹೊಸದು ಬೇಕೆಂದು ವರ್ಷವರ್ಷವೂ ಅರ್ಜಿ ಹೋಯಿತು, ಮುಂದಿನ ವರ್ಷ ನೋಡೋಣವೆಂದು ವರ್ಷವರ್ಷವೂ ಉತ್ತರ ಬಂತು. ಅಲ್ಲಿಂದಾಚೆಗೆ ಮೇಷ್ಟ್ರು ಓಟವನ್ನು ಅಳೆದದ್ದು ತಮ್ಮ ನಾಡಿಯಿಂದಲೇ.

ಅದಕ್ಕೊಂದು ಕ್ರಮವಿತ್ತು. ಹುಡುಗರು ಒಬ್ಬೊಬ್ಬರಾಗಿ ಓಡಬೇಕು. ಮೇಷ್ಟ್ರು ಗೆರೆಯ ಪಕ್ಕದಲ್ಲಿ ಮಣಿಕಟ್ಟು ಹಿಡಿದು ನಿಲ್ಲುತ್ತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಹುಡುಗ ಗೆರೆ ದಾಟಿದ ಕೂಡಲೇ ಎಣಿಕೆ ಹೇಳುತ್ತಿದ್ದರು, "ಅರವತ್ತೆಂಟು," "ಎಪ್ಪತ್ತೊಂದು." ಓಡುವವನನ್ನು ಅವರು ಹೆಚ್ಚು ನೋಡುತ್ತಿರಲಿಲ್ಲ. "ಕಣ್ಣಿಗೆ ಎಲ್ಲಾ ಬಿರುಸಾಗೇ ಕಾಣ್ತೈತೆ, ಕಣ್ಣನ್ನ ನಂಬಬ್ಯಾಡ್ರಿ," ಎಂದು ಹುಡುಗರಿಗೆ ಹೇಳುತ್ತಿದ್ದರು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಮೇಷ್ಟ್ರ ನಾಡಿಗೇ ಪರೀಕ್ಷೆ. ಶಾಲೆಯ ದೊಡ್ಡ ಹಾಲಿನ ಗೋಡೆ ಗಡಿಯಾರದ ಕೆಳಗೆ ಅವರು ಮಣಿಕಟ್ಟು ಹಿಡಿದು ಕುಳಿತು ಕಾಲ ಹೆಬ್ಬೆರಳಿನಿಂದ ನೆಲ ಕುಟ್ಟುವರು. ಹುಡುಗರು ಒಟ್ಟಾಗಿ ಕೂಗಿ ಎಣಿಸುವರು. ಮುಳ್ಳು ಐದು ನಿಮಿಷ ಸರಿಯುವಾಗ ಎಣಿಕೆ ಮುನ್ನೂರಕ್ಕೆ ಬರಬೇಕು. ಬರುತ್ತಿತ್ತು. ಹುಡುಗರು ಅದಕ್ಕೆ ನಾಡಿಹಬ್ಬ ಎಂದು ಹೆಸರಿಟ್ಟಿದ್ದರು. ಪೇಟೆಯ ಅಂಗಡಿಯವರೂ ನೋಡಲು ಬರುತ್ತಿದ್ದರು.

"ಏನ್ ಮೇಷ್ಟ್ರೆ, ಈ ವರ್ಷ ಎಣ್ಣೆ ಗಿಣ್ಣೆ ಬಿಟ್ಕಂಡು ಬಂದೀರೇನು ನಾಡಿಗೆ?" ಎಂದು ಒಬ್ಬ ಕೇಳಿದರೆ, "ನಿನ್ನ ತಕ್ಕಡೀನೂ ಇಲ್ಲಿಗೆ ತಗಂಬಾರಪ್ಪ, ಒಟ್ಟಿಗೇ ನೋಡಾಣ," ಎಂದು ಮೇಷ್ಟ್ರು ಹೇಳುತ್ತಿದ್ದರು.

ಜುಂಜಣ್ಣ ಶಾಲೆಗೆ ಸೇರಿದ್ದು 1916ರಲ್ಲಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಹತ್ತಿರ ಕುರಿ ಕಾಯುವವರ ಹಟ್ಟಿಯ ಹುಡುಗ. ಹಿರೇಗುಂಟನೂರಿನ ದಾರಿಯಲ್ಲಿದ್ದ ಸೋದರಮಾವನ ಹಟ್ಟಿಯಲ್ಲಿದ್ದುಕೊಂಡು ದಿನವೂ ನಾಲ್ಕು ಮೈಲಿ ನಡೆದು ಬರುತ್ತಿದ್ದ. ಶಾಲೆಯಲ್ಲಿ ಬೆಳಿಗ್ಗೆ ಎರಡು ಸಲ ಗಂಟೆ ಹೊಡೆಯುತ್ತಿದ್ದರು, ಮೊದಲನೆಯದಕ್ಕೂ ಎರಡನೆಯದಕ್ಕೂ ಕಾಲು ಗಂಟೆ ಅಂತರ. ಸಾಲಿನಲ್ಲಿ ನಿಂತ ಈ ಹುಡುಗನ ಮೈಯಿಂದ ದಿನವೂ ಬೆವರು ಇಳಿಯುವುದನ್ನು ಕಂಡು ಒಂದು ದಿನ ಮೇಷ್ಟ್ರು ವಿಚಾರಿಸಿದರು.

"ಎಲ್ಲಿಂದ ಓಡಿ ಬರ್ತೀಯೋ?"

"ಓಡಿ ಬರಾಕಿಲ್ರಿ. ದಿಬ್ಬದ ತಾವ ಬಂದಾಗ ಮೊದಲ್ನೇ ಗಂಟೆ ಕೇಳ್ತೈತೆ. ಅಲ್ಲಿಂದ ಒಸಿ ಜೋರಾಗಿ ಬರ್ತೀನಿ."

ಆ ದಿಬ್ಬ ಶಾಲೆಗೆ ಎರಡು ಮೈಲಿ. ಹದಿಮೂರು ವರ್ಷದ ಹುಡುಗ ಬಗಲಲ್ಲಿ ಪುಸ್ತಕದ ಗಂಟು, ಕೈಯಲ್ಲಿ ರೊಟ್ಟಿಯ ಬುತ್ತಿ ಹಿಡಿದುಕೊಂಡು, ಬರಿಗಾಲಿನಲ್ಲಿ ಕಾಲು ಗಂಟೆಯೊಳಗೆ ಬರುತ್ತಿದ್ದ. ಅಂದು ಸಂಜೆ ಮೇಷ್ಟ್ರು ಒಬ್ಬರೇ ದಿಬ್ಬದವರೆಗೂ ನಡೆದು ಹೋಗಿ ದಾರಿಯನ್ನು ನೋಡಿಕೊಂಡು ಬಂದರು. ಮನೆಯಲ್ಲಿ ಉಣ್ಣಲು ಕುಳಿತಾಗ, "ಇಷ್ಟು ವರ್ಷಕ್ಕೆ ಒಬ್ಬ ಸಿಕ್ಕ," ಎಂದರು. ಮಕ್ಕಳಿಲ್ಲದ ಮನೆ ಅದು. ಕೊಟ್ರಮ್ಮ ಆ ಮುಖವನ್ನು ನೋಡಿ, "ನಾಳೆ ಕರ್ಕಂಬರ್ರಿ, ಒಂದಿಷ್ಟು ತುಪ್ಪ ಹಾಕಿ ಬಡಿಸ್ತೀನಿ," ಎಂದರು.

ಎರಡು ವರ್ಷದಲ್ಲಿ ಜುಂಜಣ್ಣ ಕಾಲು ಮೈಲಿಯನ್ನು ಅರವತ್ತಮೂರು ಎಣಿಕೆಗೆ ತಂದ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಶಾಲೆಗಳ ಪಂದ್ಯ ನಡೆಯುತ್ತಿತ್ತು. ಅರವತ್ತು ಸೆಕೆಂಡಿನೊಳಗೆ ಓಡುತ್ತಾನೆಂದು ಡ್ರಿಲ್ ಮೇಷ್ಟ್ರು ಸಹಿ ಮಾಡಿ ಕಳಿಸಿದವನಿಗೆ ಮಾತ್ರ ಅಲ್ಲಿ ಪ್ರವೇಶ. ಪಂಚಾಕ್ಷರಪ್ಪನವರು ಅದುವರೆಗೆ ಒಂದು ಸಲವೂ ಅಂಥ ಸಹಿ ಹಾಕಿರಲಿಲ್ಲ.

1918ರ ಮಳೆಗಾಲದಲ್ಲಿ ಹುಡುಗನ ಅಪ್ಪ ಸಣ್ಣಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಶಾಲೆಗೆ ಬಂದ.

"ಅಕ್ಷರ ಬಂತಲ್ಲ, ಸಾಕು ಮೇಷ್ಟ್ರೆ. ಇವನು ಇಲ್ಲಿ ಸುಣ್ಣದ ಗೆರೆ ಸುತ್ತುತಾ ಇದ್ರೆ ಅಲ್ಲಿ ಕುರಿ ಸುತ್ತೋರ್ ಯಾರು?"

"ಒಂದು ವರ್ಷ ಕೊಡು ಸಣ್ಣಪ್ಪ. ಮೈಸೂರಿನ ಪಂದ್ಯಕ್ಕೆ ಹೋಗಿ ಗೆದ್ದ ಅಂದ್ರೆ ಸರ್ಕಾರದ ಹಾಸ್ಟೆಲ್ಲು, ಓದಿನ ಖರ್ಚೂ ಅವರದೇ. ಮುಂದೆ ಮೇಷ್ಟ್ರು ಆಗ್ತಾನೆ."

"ಹೋಗ್ಲಿಲ್ಲ ಅಂದ್ರೆ?"

"ಹೋಗ್ಲಿಲ್ಲ ಅಂದ್ರೆ ನಾನೇ ಕರ್ಕಂಬಂದು ಹಟ್ಟಿಗೆ ಬಿಡ್ತೀನಿ."

"ನೀವೇ ಬರಬೇಕು, ಮತ್ತೆ."

"ನಾನೇ ಬರ್ತೀನಿ."

ಸಣ್ಣಪ್ಪ ಮಗನ ಕಡೆ ತಿರುಗಿ, "ಕೇಳಿದೇನ್ಲಾ? ಓಡು. ಓಡಲಿಲ್ಲ ಅಂದ್ರೆ ಮನೀಗೆ ನಡಕಂಬಾ," ಎಂದು ಹೇಳಿ ಹೊರಟುಹೋದ.

ಆ ವರ್ಷ ದಸರಾ ಮುಗಿದ ಮೇಲೆ ದೊಡ್ಡ ಜ್ವರ ಬಂತು. ದುರ್ಗದಲ್ಲಿ ಜ್ವರ ಬಾರದ ಮನೆ ಇರಲಿಲ್ಲ. ಮೇಷ್ಟ್ರು ಹದಿನೆಂಟು ದಿನ ಮಲಗಿದರು. ಅದರ ಹಿಂದೆಯೇ ಪೇಟೆಯಲ್ಲಿ ಇಲಿ ಬೀಳತೊಡಗಿದವು. ಪ್ಲೇಗಿಗೆ ಹೆದರಿ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಶಾಲೆಯೂ ಬೀಗ ಹಾಕಿಸಿಕೊಂಡು ಹೊಲದ ತಡಿಕೆ ಚಪ್ಪರಗಳಿಗೆ ಬಂತು. ಬೀಗದೊಳಗೆ ಗೋಡೆ ಗಡಿಯಾರ ಕೀ ಕೊಡುವವರಿಲ್ಲದೆ ನಿಂತಿತು. 1919ರ ಜೂನಿನಲ್ಲಿ ನಾಡಿಹಬ್ಬ ನಡೆಯಲಿಲ್ಲ. ಹೆಡ್ ಮಾಸ್ತರ ಜೇಬಿನ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿಲ್ಲದಿದ್ದರೂ ಅದನ್ನು ಹಿಡಿದು ಐದು ನಿಮಿಷ ಕುಳಿತಿದ್ದರೆ ಆಗುತ್ತಿತ್ತು, ಅದು ಯಾರಿಗೂ ಹೊಳೆಯಲಿಲ್ಲ. ವರ್ಷವರ್ಷವೂ ಸರಿಯಾಗಿದ್ದುದನ್ನು ಮತ್ತೆ ತೂಗಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಜುಲೈ ಕೊನೆಯಲ್ಲಿ ಮೇಷ್ಟ್ರು ಚಪ್ಪರಗಳ ಮಗ್ಗುಲಿನ ಬಯಲಲ್ಲಿ ಗೆರೆ ಎಳೆಸಿ ಹುಡುಗರನ್ನು ಓಡಿಸಿದರು. ಹಿಂದಿನ ವರ್ಷ ಅರವತ್ತೆಂಟರಲ್ಲಿ ಓಡಿದವನು ತೊಂಬತ್ತೈದು ತೆಗೆದುಕೊಂಡ. ಅವನ ಹಿಂದಿನವನು ನೂರು ದಾಟಿದ. ಮೇಷ್ಟ್ರಿಗೆ ಆಶ್ಚರ್ಯವಾಗಲಿಲ್ಲ. ಎಲ್ಲರೂ ಜ್ವರದಿಂದ ಎದ್ದವರು, ಎಷ್ಟೋ ಮನೆಗಳಲ್ಲಿ ಜೋಳಕ್ಕೂ ತತ್ವಾರ. ಕಾಲಿನ ಕಸುವನ್ನೆಲ್ಲ ಜ್ವರವೇ ತಿಂದುಹಾಕಿದೆ ಅಂದುಕೊಂಡರು.

ಕೊನೆಗೆ ಜುಂಜಣ್ಣ ಓಡಿದ. ಗೆರೆ ದಾಟಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತು, ನಗುತ್ತಾ ತಿರುಗಿದ.

"ಎಷ್ಟ್ರಿ ಮೇಷ್ಟ್ರೆ?"

"ತೊಂಬತ್ತೊಂದು."

"ತಮಾಷಿ ಮಾಡಬ್ಯಾಡ್ರಿ."

ಮೇಷ್ಟ್ರ ಮುಖ ನೋಡಿದ ಮೇಲೆ ಅವನ ನಗು ನಿಂತಿತು.

ಆರು ವಾರ ಮೇಷ್ಟ್ರು ಅವನನ್ನು ಬಿಡಲಿಲ್ಲ. ಬೆಳಿಗ್ಗೆ ಕೋಟೆಯ ಮೆಟ್ಟಿಲು ಹತ್ತಿಸಿದರು, ಸಂಜೆ ಗೆರೆ ಸುತ್ತಿಸಿದರು. ಕೊಟ್ರಮ್ಮ ತಮ್ಮ ಪಾಲಿನ ಹಾಲನ್ನೂ ಅವನಿಗೇ ಕೊಟ್ಟರು. ಎಣಿಕೆ ತೊಂಬತ್ತಕ್ಕೆ ಇಳಿಯಿತು, ಮತ್ತೆ ತೊಂಬತ್ತೊಂದಕ್ಕೆ ಬಂತು, ಒಮ್ಮೆ ತೊಂಬತ್ತಮೂರಾಯಿತು. ಈ ಸಲ ಆಗಿಯೇ ಆಗುತ್ತದೆ ಎಂದು ಮೇಷ್ಟ್ರು ಆಸೆಯಿಂದ ನಿಂತ ದಿನವೇ ಅದು ಹೆಚ್ಚಾಗುತ್ತಿತ್ತು. ಹುಡುಗ ತಿರುವಿನಲ್ಲಿ ಮಣ್ಣು ಚಿಮ್ಮಿಸಿಕೊಂಡು ಬರುವುದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಅಂಥ ಓಟವನ್ನು ಆ ಕಣ್ಣು ಹಿಂದೆ ಕಂಡಿರಲಿಲ್ಲ. ಆದರೆ ಅವರು ತಲೆ ತಗ್ಗಿಸಿ ಮಣಿಕಟ್ಟನ್ನೇ ನೋಡುತ್ತಾ ನಿಂತರು.

"ಮೈಗಳ್ಳ ಆಗೀಯಾ ನೀನು," ಎಂದು ಒಂದು ದಿನ ಬೈದರು. ಮೂರು ವರ್ಷದಲ್ಲಿ ಅವನಿಗೆ ಬೈದದ್ದು ಅದೇ ಮೊದಲು. ಜುಂಜಣ್ಣ ಯಾರೂ ಹೇಳದೆಯೇ ಮತ್ತೊಂದು ಸುತ್ತು ಓಡಿ ಬಂದು ಮೇಷ್ಟ್ರ ಮುಂದೆ ನಿಂತ. ಆ ಸುತ್ತನ್ನು ಮೇಷ್ಟ್ರು ಎಣಿಸಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೈಸೂರಿನ ಕಾಗದ ತುಂಬಿ ಕಳಿಸುವ ದಿನ ಬಂತು. ಹೆಡ್ ಮಾಸ್ತರು ಮೈಸೂರಿನ ಕಡೆಯವರು, ಮೆತ್ತನೆಯ ಮನುಷ್ಯ. ಚಪ್ಪರದೊಳಗೆ ಮಸಿ ಕುಡಿಕೆಯನ್ನು ಮೇಷ್ಟ್ರ ಕಡೆ ಸರಿಸಿ, "ಅರವತ್ತು ಅಂತ ಬರೆದುಬಿಡಿ ಪಂಚಾಕ್ಷರಪ್ಪನೋರೆ. ಅಲ್ಲಿ ಅವರೇ ಅಳೆದುಕೊಳ್ತಾರೆ," ಎಂದರು.

"ಅಲ್ಲಿ ತೊಂಬತ್ತು ಬಂದ್ರೆ ಸ್ವಾಮಿ? ಅಷ್ಟು ಜನದ ಮುಂದೆ ಹುಡುಗ ನಗೆಪಾಟಲಾಗ್ತಾನೆ."

"ನನಗೇನೂ ಹಾಗನ್ನಿಸೋದಿಲ್ಲ. ಮೊನ್ನೆ ನೋಡಿದೆ, ಒಳ್ಳೇ ಜಿಂಕೆ ಹಾಗೆ ಓಡ್ತಾನಲ್ಲ!"

"ಕಣ್ಣಿಗೆ ಹಂಗೇ ಕಾಣ್ತೈತೆ ಸ್ವಾಮಿ. ನಾನು ಇಪ್ಪತ್ತು ವರ್ಷದಿಂದ ಸುಳ್ಳು ಎಣಿಕೆ ಬರೆದಿಲ್ಲ."

ಹೆಡ್ ಮಾಸ್ತರು ಇನ್ನೊಂದು ಸಲ ಹೇಳಿ ನೋಡಿದರು. ಮೇಷ್ಟ್ರು ಲೇಖನಿ ಅದ್ದಿ, ನಿಗದಿಯಾದ ಕಾಲದೊಳಗೆ ಓಡುವವರು ಯಾರೂ ಇಲ್ಲವೆಂದು ಬರೆದು ಸಹಿ ಹಾಕಿದರು.

ಕೊಟ್ಟ ಮಾತಿನಂತೆ ತಾವೇ ಹುಡುಗನನ್ನು ಕರೆದುಕೊಂಡು ಹೊರಟರು. ಐಮಂಗಲದಲ್ಲಿ ಎತ್ತಿಗೆ ನೀರು ಕುಡಿಸಲು ಗಾಡಿ ನಿಂತಾಗ ಜುಂಜಣ್ಣ, "ನಂಗೆ ನಾ ಜೋರಾಗೇ ಓಡ್ದಂಗೆ ಅನ್ನಿಸ್ತಿತ್ತು ಮೇಷ್ಟ್ರೆ," ಎಂದ.

"ಎಲ್ಲರಿಗೂ ಹಂಗೇ ಅನ್ನಿಸ್ತೈತೆ ಕಣಪ್ಪ," ಎಂದರು ಮೇಷ್ಟ್ರು.

ಹಟ್ಟಿಯ ಮುಳ್ಳುಬೇಲಿ ಕಂಡಾಗ ಜುಂಜಣ್ಣ ಗಾಡಿಯಿಂದ ಇಳಿದು ನಡೆದುಕೊಂಡು ಹೋದ.

ಮುಂದಿನ ವರ್ಷ ಪ್ಲೇಗು ತಗ್ಗಿ ಶಾಲೆ ಮತ್ತೆ ಕಟ್ಟಡಕ್ಕೆ ಬಂತು. ಗಡಿಯಾರವನ್ನು ಒರೆಸಿ, ಕೀ ಕೊಟ್ಟು, ತಂತಿ ಕಚೇರಿಯ ವೇಳೆಗೆ ಸರಿಮಾಡಿದರು. 1920ರ ಜೂನಿನಲ್ಲಿ ನಾಡಿಹಬ್ಬ ಎರಡು ವರ್ಷದ ಮೇಲೆ ನಡೆಯುತ್ತಿದೆಯೆಂದು ಹಾಲಿನ ತುಂಬ ಹುಡುಗರು. ಮೇಷ್ಟ್ರು ಕುಳಿತು ನೆಲ ಕುಟ್ಟತೊಡಗಿದರು. ಹುಡುಗರು ಎಣಿಸಿದರು. ಇನ್ನೂರರ ಹತ್ತಿರ ಬಂದಾಗ ಮುಂದಿನ ಸಾಲಿನವರು ಮುಳ್ಳನ್ನು ನೋಡಿ ಮುಖ ಮುಖ ನೋಡಿಕೊಂಡರು. ಮುನ್ನೂರು ಎಂದು ಕೂಗಿದಾಗ ಮುಳ್ಳು ಇನ್ನೂ ನಾಲ್ಕನೇ ಗೆರೆ ಮುಟ್ಟಿರಲಿಲ್ಲ.

ಹಿಂದಿನಿಂದ ಒಬ್ಬ ಕೂಗಿದ, "ಗಡಿಯಾರ ಕೆಟ್ಟೈತೆ ಮೇಷ್ಟ್ರೆ!"

ಹಾಲಿಗೆ ಹಾಲೇ ನಕ್ಕಿತು. "ಗಡಿಯಾರಕ್ಕೂ ಜ್ವರ ಬಂದೈತೆ!" "ಕುಂಟ್ತೈತೆ ನೋಡ್ರೋ!" ಹೆಡ್ ಮಾಸ್ತರೂ ನಗುತ್ತಾ, ರಿಪೇರಿಯವನಿಗೆ ಹೇಳಿ ಕಳಿಸುತ್ತೇನೆ ಎಂದರು. ಮೇಷ್ಟ್ರು ಹುಡುಗರಿಗೆ ಸುಮ್ಮನಿರಲು ಹೇಳಿ, ಮತ್ತೆ ಒಬ್ಬರೇ ಎಣಿಸಿದರು. ಐದು ನಿಮಿಷಕ್ಕೆ ನಾನೂರ ಇಪ್ಪತ್ತು. ಎದ್ದು, ರುಮಾಲು ಸರಿಮಾಡಿಕೊಂಡು, ಸೀದಾ ಆಸ್ಪತ್ರೆಗೆ ನಡೆದರು.

ಡಾಕ್ಟರ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿತ್ತು. ಅವರು ಮೇಷ್ಟ್ರ ಕೈ ಹಿಡಿದು ನೋಡಿ, "ಎಂಬತ್ತನಾಲ್ಕು. ಜ್ವರ ಬಂದು ಹೋದ ಮೇಲೆ ಸುಮಾರು ಜನಕ್ಕೆ ಹೀಗಾಗಿದೆ. ಎದೆಗೆ ಸ್ವಲ್ಪ ಪೆಟ್ಟಾಗಿದೆ. ನಿಮ್ಮ ವಯಸ್ಸಿಗೆ ಗಾಬರಿಯಾಗುವಂಥದ್ದೇನಲ್ಲ," ಎಂದರು.

"ಜ್ವರ ಬಂದಾಗಿನಿಂದಲೂ ಹಿಂಗೇ ಇತ್ತಾ?"

"ಇದ್ದಿರಬೇಕು. ಯಾಕೆ?"

ಮೇಷ್ಟ್ರು ಹೇಳಿದರು. ಹೊಲದ ಬಯಲು, ಸುಣ್ಣದ ಗೆರೆ, ತೊಂಬತ್ತೊಂದು, ಮೈಸೂರಿನ ಕಾಗದ, ಐಮಂಗಲದಲ್ಲಿ ಹುಡುಗ ಆಡಿದ ಮಾತು. ಹೇಳುತ್ತಿದ್ದಷ್ಟು ಹೊತ್ತೂ ಡಾಕ್ಟರು ಕೈ ಬಿಟ್ಟಿರಲಿಲ್ಲ. ಮಾತು ಮುಗಿಯುವ ಮೊದಲೇ ಅವರು ಮತ್ತೊಮ್ಮೆ ಗಡಿಯಾರ ನೋಡಿದರು.

"ಈಗ ತೊಂಬತ್ತಾರು," ಎಂದರು. "ಯಾರ್ರೀ ಆ ಹುಡುಗ? ನಿಮ್ಮ ಮಗನೇ?"

"ಅಲ್ಲ."

ಬೇರೆ ಹುಡುಗರು ಓಡುವಾಗ ಎಂಬತ್ತನಾಲ್ಕೇ ಇದ್ದಿರಬಹುದು, ಈ ಹುಡುಗ ಓಡುವಾಗ ಮಾತ್ರ ಏರಿರುತ್ತದೆ ಎಂದು ಡಾಕ್ಟರು ವಿವರಿಸಿದರು. ಚೀಟಿಯೊಂದರ ಮೇಲೆ ಲೆಕ್ಕ ಹಾಕಿದರು. ನಿಮಿಷಕ್ಕೆ ತೊಂಬತ್ತಾರು ಬಡಿಯುವ ನಾಡಿಯಲ್ಲಿ ತೊಂಬತ್ತೊಂದು ಎಣಿಕೆಯೆಂದರೆ ಐವತ್ತೇಳು ಸೆಕೆಂಡು. ಕೆಳಗೆ ಸಹಿ ಹಾಕಿ ಕೊಟ್ಟರು.

ಮನೆಯಲ್ಲಿ ಕೊಟ್ರಮ್ಮ ಎಲ್ಲ ಕೇಳಿ, "ನೀವು ಮಾಡಿದ್ದಲ್ಲ ಬಿಡ್ರಿ ಇದು. ಜ್ವರ ಮಾಡಿದ್ದು," ಎಂದರು.

"ಜ್ವರ ಮಾಡಿದ್ದು ಎಂಬತ್ತನಾಲ್ಕು ಕಣೆ. ಮೇಲಿನ ಹನ್ನೆರಡು ನಂದು."

ಅಂದು ಇಬ್ಬರೂ ಉಣ್ಣಲಿಲ್ಲ.

ಹುಡುಗನನ್ನು ಮತ್ತೆ ಸೇರಿಸಿಕೊಳ್ಳಲು ಹೆಡ್ ಮಾಸ್ತರು ಒಪ್ಪಿದರು. ದಸರಾಕ್ಕೆ ಇನ್ನೂ ಮೂರು ತಿಂಗಳಿತ್ತು. ಮೇಷ್ಟ್ರು ಬೆಂಗಳೂರು ರಸ್ತೆಯಲ್ಲಿ ಆಗಷ್ಟೇ ಓಡತೊಡಗಿದ್ದ ಮೋಟಾರಿನಲ್ಲಿ ಹಿರಿಯೂರಿಗೆ ಹೋಗಿ, ಅಲ್ಲಿಂದ ಗಾಡಿ ಹಿಡಿದು ಹರಿಯಬ್ಬೆ ಸೇರಿ, ಹಟ್ಟಿಯ ಮುಳ್ಳುಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋದರು. ಜುಂಜಣ್ಣನ ತಾಯಿ ಯಲ್ಲಕ್ಕ ಉಣ್ಣೆ ನೂಲುತ್ತಿದ್ದಳು.

"ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ," ಎಂದು ಕಂಬಳಿ ಹಾಸಿದಳು. ಮಜ್ಜಿಗೆ ತಂದಿಟ್ಟಳು. ಆಮೇಲೆ ಕದಿರನ್ನು ಮತ್ತೆ ಕೈಗೆತ್ತಿಕೊಂಡು, "ಇನ್ಯಾರನ್ನ ಬಿಡಾಕೆ ಬಂದ್ರಿ?" ಎಂದಳು.

ಮೇಷ್ಟ್ರು ಮಜ್ಜಿಗೆಯ ಲೋಟ ಕೆಳಗಿಟ್ಟರು. "ಕರ್ಕಂಡು ಹೋಗಾಕೆ ಬಂದೆ ಯಲ್ಲಕ್ಕ. ಜುಂಜ ಎಲ್ಲಿ?"

"ಅವನೀಗ ಸರ್ಕಾರದ ಮನ್ಷ ಕಣ್ರಿ. ಟಪ್ಪಾಲು ಓಡ್ತಾನೆ, ಅಂಚೆ ಚೀಲ ಹೊತ್ಕಂಡು. ಯುಗಾದಿ ಆದ್ಮೇಲೆ ಸೇರಿದ." ನೂಲು ಕಡಿಯಿತು. ಅದನ್ನು ಉಗುಳು ಹಚ್ಚಿ ಹೊಸೆಯುತ್ತಾ ಹೇಳಿದಳು, "ಅದಕ್ಕೂ ಮುಂಚೆ ಆರು ತಿಂಗ್ಳು ಓಡ್ಲೇ ಇಲ್ಲ ನನ್ ಮಗ. ತೋಳ ಬಂದು ಮರಿ ಎತ್ಕಂಡ್ ಹೋದ್ರೂ ಓಡ್ಲಿಲ್ಲ. ಅವರಪ್ಪ ದೊಣ್ಣೆ ತಗಂಡು ಹೊಡ್ದ. ನಿಂತು ಹೊಡಿಸ್ಕಂಡ, ಆಗ್ಲೂ ಓಡ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಹೊತ್ತು ಇಳಿಯೋ ಮುಂಚೆ ಹಿರಿಯೂರಿನ ಚೀಲ ತಗಂಡು ಇದೇ ರಸ್ತ್ಯಾಗೆ ಬರ್ತಾನೆ. ಹೋಗ್ರಿ, ಕಲ್ಲಿನ ತಾವ ನಿಂತ್ಕಳ್ರಿ," ಎಂದಳು.

ಮೇಷ್ಟ್ರು ರಸ್ತೆಯ ಮೈಲಿಗಲ್ಲಿನ ಹತ್ತಿರ ಹೋಗಿ ನಿಂತರು. ಎರಡೂ ಕಡೆ ಜಾಲಿ, ಆಚೆಗೆ ಕಪ್ಪು ಹೊಲ. ಬಹಳ ಹೊತ್ತಿನ ಮೇಲೆ ದೂರದಲ್ಲೊಂದು ಚುಕ್ಕೆ ಕಂಡಿತು, ಗೆಜ್ಜೆಯ ಸದ್ದು ಕೇಳಿಸಿತು. ಹತ್ತಿರವಾದಾಗ ಹುಡುಗನ ಗುರುತು ಸಿಕ್ಕಿತು. ಬಲಗೈಯಲ್ಲಿ ಟಪ್ಪಾಲಿನವರ ಗೆಜ್ಜೆ ಕಟ್ಟಿದ ಭರ್ಜಿ, ಎಡಗೈ ಹೆಗಲ ಮೇಲಿನ ಚೀಲದ ಬಾಯಿ ಹಿಡಿದಿತ್ತು. ಮೀಸೆ ಮೂಡಿತ್ತು. ಮೇಷ್ಟ್ರನ್ನು ಕಂಡು ಅವನ ಮುಖ ಅರಳಿತು, ಕಾಲು ಮಾತ್ರ ನಿಲ್ಲಲಿಲ್ಲ.

"ಮೇಷ್ಟ್ರೆ! ನೀವೇನ್ರಿ ಇಲ್ಲಿ?"

"ಒಂಚೂರು ನಿಲ್ಲೋ!"

"ನಿಲ್ಲಂಗಿಲ್ರಿ, ಟಪ್ಪಾಲು!"

ಅವನು ದಾಟಿ ಹೋದ. ಐವತ್ತು ವರ್ಷದ ಪಂಚಾಕ್ಷರಪ್ಪನವರು ಪಂಚೆ ಎತ್ತಿ ಕಟ್ಟಿ ಅವನ ಹಿಂದೆ ಓಡಿದರು. ಅದನ್ನು ಕಂಡು ಜುಂಜಣ್ಣ ಹೆಜ್ಜೆಯನ್ನು ಒಂದಿಷ್ಟು ಸಣ್ಣದು ಮಾಡಿದ. ಇಬ್ಬರೂ ಜೊತೆಯಾದರು.

"ನನ್ ನಾಡಿ ತ... ತಪ್ಪಿತ್ತು ಕಣೋ."

ಜುಂಜಣ್ಣ ನಕ್ಕ. "ನಿಮ್ ನಾಡಿ ತಪ್ಪಾದುಂಟಾ? ಅವ್ವ ಏನಾರ ಅಂದ್ಲಾ ನಿಮಗೆ? ಅವಳ ಮಾತು ಹಚ್ಕಬ್ಯಾಡ್ರಿ."

"ಇಲ್ಲೋ. ಡಾಕ್ಟರು ಬರ್ಕೊಟ್ಟವ್ರೆ, ಇಲ್ಲೈತೆ ನೋಡು." ಮೇಷ್ಟ್ರು ಓಡುತ್ತಲೇ ಕೋಟಿನ ಜೇಬಿನಿಂದ ಚೀಟಿ ತೆಗೆದು ಹಿಡಿದರು. "ಐವತ್ತೇಳು. ನೀನು ಐವತ್ತೇಳರಾಗೆ ಓಡಿದ್ದೆ. ತಪ್ಪು ನಂದು. ಬಾ, ಮತ್ತೆ ಸೇರಿಸ್ತೀನಿ. ದಸರಾಕ್ಕೆ ಹೋಗಾಣ."

ಜುಂಜಣ್ಣನ ನಗು ಹೋಯಿತು. ಚೀಟಿಯ ಕಡೆ ಅವನು ತಿರುಗಿ ನೋಡಲಿಲ್ಲ. ಅದನ್ನು ಹಿಡಿಯಲು ಅವನಿಗೆ ಕೈಯೂ ಬಿಡುವಿರಲಿಲ್ಲ.

"ಬ್ಯಾಡ್ರಿ ಮೇಷ್ಟ್ರೆ."

"ಯಾಕೋ?"

"ದುರ್ಗದಿಂದ ಬಂದ್ಮೇಲೆ ನಂಗೆ ಈ ಕಾಲೇ ಬ್ಯಾಡಾಗಿದ್ವು. ನನ್ ಮೈಯೇ ನಂಗೆ ಸುಳ್ಳು ಹೇಳ್ತು ಅಂತ. ಅದನ್ನ ನುಂಗಾಕೆ ಆರು ತಿಂಗ್ಳು ಬೇಕಾತು." ಅವನು ರಸ್ತೆಯನ್ನೇ ನೋಡುತ್ತಾ ಹೇಳುತ್ತಿದ್ದ, ಉಸಿರು ಒಂದಿಷ್ಟೂ ಎಳೆಯುತ್ತಿರಲಿಲ್ಲ. "ಆಮೇಲೆ, ನಂದು ಇಷ್ಟೇ ಅಂತ ಸಮಾಧಾನ ಮಾಡ್ಕಂಡೆ. ಟಪ್ಪಾಲಿಗೆ ಇಷ್ಟು ಸಾಕು. ಈಗ ಬಂದು, ಇಷ್ಟೇ ಅಲ್ಲ, ಇನ್ನೂ ಇತ್ತು ಅಂದ್ರೆ ನಾನೇನ್ ಮಾಡ್ಲಿ? ಇನ್ನೊಂದ್ಸಲ ನುಂಗಾಕೆ ನನ್ ಕೈಲಿ ಆಗಲ್ರಿ."

"ಜುಂಜಾ..."

"ನಿಮ್ ನಾಡಿ ಸರಿ ಇತ್ತು ಅಂತ್ಲೇ ಇರ್ಲಿ ಬಿಡ್ರಿ. ಸಾಲೇಲಿ ಎಲ್ರೂ ಹಂಗೇ ಅಂತಾರೆ, ನಾನೂ ಹಂಗೇ ಅಂತೀನಿ." ಅವನು ಪಕ್ಕಕ್ಕೆ ತಿರುಗಿ ಮೇಷ್ಟ್ರ ಮುಖ ನೋಡಿದ. "ನೀವು ಓಡಬ್ಯಾಡ್ರಿ. ಮುಖ ಕಪ್ಪಿಟ್ಟೈತೆ. ಕುಂತ್ಕಳ್ರಿ ಇಲ್ಲಿ, ಕುಂತ್ಕಳ್ರಿ."

ಹಾಗೆ ಹೇಳಿ, ಇಷ್ಟು ಹೊತ್ತು ಸಣ್ಣದು ಮಾಡಿಕೊಂಡಿದ್ದ ಹೆಜ್ಜೆಯನ್ನು ಬಿಟ್ಟ. ಎರಡು ಜಾಲಿ ಮರ ದಾಟುವುದರೊಳಗೆ ತಿರುವಿನಲ್ಲಿ ಮರೆಯಾದ. ಗೆಜ್ಜೆ ಇನ್ನೂ ಸ್ವಲ್ಪ ಹೊತ್ತು ಕೇಳಿಸಿತು.

ಮೇಷ್ಟ್ರು ನಿಂತಲ್ಲೇ ಬಗ್ಗಿ ಮೊಣಕಾಲು ಹಿಡಿದುಕೊಂಡರು. ಉಸಿರು ಹತೋಟಿಗೆ ಬಂದ ಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ನಡೆದು ಬಂದು ಮೈಲಿಗಲ್ಲಿನ ಮೇಲೆ ಕುಳಿತರು. ಇನ್ನೊಂದು ಗಂಟೆಯಲ್ಲಿ ಅವನು ಹರಿಯಬ್ಬೆಯ ಚೀಲ ಹೊತ್ತು ಇದೇ ದಾರಿಯಲ್ಲಿ ಮರಳಿ ಬರಬೇಕು ಎಂಬುದು ಅವರಿಗೆ ತಿಳಿದಿತ್ತು. ಹೇಳುವುದು ಇನ್ನೇನೂ ಉಳಿದಿರಲಿಲ್ಲ. ಆದರೂ ಕುಳಿತರು.

ಹೊತ್ತು ಜಾಲಿಯ ತಲೆಗೆ ಇಳಿದಾಗ ಗೆಜ್ಜೆ ಮತ್ತೆ ಕೇಳಿಸಿತು. ಜುಂಜಣ್ಣ ತಿರುವಿನಲ್ಲಿ ಕಾಣಿಸಿಕೊಂಡ. ಮೇಷ್ಟ್ರು ಇನ್ನೂ ಅಲ್ಲೇ ಇರುವುದನ್ನು ಕಂಡು ಭರ್ಜಿಯನ್ನು ಒಂದು ಗೇಣು ಮೇಲೆತ್ತಿ, "ಹೊತ್ತಾತು, ಹಟ್ಟಿಗೆ ಹೋಗಿ ಉಂಡು ಮಲಗ್ರಿ, ಮೇಷ್ಟ್ರೆ," ಎಂದು ಕೂಗಿ ದಾಟಿ ಹೋದ. ನಿಲ್ಲಲಿಲ್ಲ.

ಪಂಚಾಕ್ಷರಪ್ಪನವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿದ್ದರು. ಈ ಸಲ ಎಣಿಸಲಿಲ್ಲ. ಹಿರಿಯೂರಿನ ಕಡೆ ನೆಟ್ಟಗಿದ್ದ ರಸ್ತೆ ಮುಂದಿನ ಮೈಲಿಗಲ್ಲಿನವರೆಗೂ ಕಾಣುತ್ತಿತ್ತು. ಅವನು ಅದನ್ನು ದಾಟಿ ಚುಕ್ಕೆಯಾಗಿ ಕರಗುವ ತನಕ ಕಣ್ಣು ಮಿಟುಕಿಸದೆ ನೋಡಿದರು.